ಕ್ಯಾಸೆಟ್ಟಿನ ಎರಡನೇ ಬದಿ

ಅಮ್ಮ ತೀರಿಹೋಗಿ ತಿಂಗಳಾದ ಮೇಲೆ ಅವಳ ಟ್ರಂಕು ಬಿಚ್ಚಿದೆವು. ಸೀರೆಗಳ ಅಡಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು, ಯಾವುದೋ ರಜೆಯಲ್ಲಿ ಜಿದ್ದಾದಿಂದ ನಾನೇ ತಂದುಕೊಟ್ಟದ್ದು. ಮುಚ್ಚಳ ತೆಗೆದರೆ ಗಮ್ಮೆಂದು ನುಸಿಗುಳಿಗೆಯ ವಾಸನೆ. ಒಳಗೆ ಇಗರ್ಜಿಗೆ ಹೋಗುವಾಗ ಅಮ್ಮ ಹಿಡಿದುಕೊಳ್ಳುತ್ತಿದ್ದ ಬಿಳಿ ಕರವಸ್ತ್ರ, ಅದರೊಳಗೆ ಸುತ್ತಿಟ್ಟ ಒಂದು ಕ್ಯಾಸೆಟ್ಟು. ಅದರ ಮೇಲೆ ಹೆಸರಿರಲಿಲ್ಲ. ಮೂಲೆಯಲ್ಲಿ ನೀಲಿ ಪೆನ್ನಿನ ಒಂದು ಚುಕ್ಕೆ, ಹಿಂದಿನ ಅಂಚಿನಲ್ಲಿ ಹಳದಿಗಟ್ಟಿದ ಗಮ್ ಟೇಪಿನ ತುಂಡು. ಆ ತುಂಡನ್ನು ಅಂಟಿಸಿದವಳು ನಾನು.

ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಅತ್ತಿಗೆ ಬಂದು ಬೆನ್ನು ಸವರಿ, "ಅಳಬೇಡ ಮಾರಾಯ್ತಿ, ಅಮ್ಮ ಸುಖವಾಗಿಯೇ ಹೋದರಲ್ಲ" ಎಂದರು. ನಾನು ಆಗ ಅಳುತ್ತಿದ್ದದ್ದು ಅಮ್ಮನಿಗಾಗಿ ಅಲ್ಲ. ಅದನ್ನು ಅತ್ತಿಗೆಗೆ ಹೇಳುವುದು ಹೇಗೆ...

ತೊಂಬತ್ತರ ದಶಕದಲ್ಲಿ ನಾನು ಜಿದ್ದಾದ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಆ ವಾರ್ಡಿನ ಮುಖ್ಯಸ್ಥೆ ಐರ್ಲೆಂಡಿನವರು. ನಾವೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಐವತ್ತರ ಆಸುಪಾಸಿನ ಒಂಟಿ ಹೆಂಗಸು. ಮುಖದ ತುಂಬ ಕಂದು ಚುಕ್ಕೆ, ಕೆಂಪು ಹೋಗಿ ನರೆ ಬಂದ ಕೂದಲು, ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ವಾರ್ಡಿನ ಏಸಿಗೆ ಹೆದರಿ ಸದಾ ತೊಟ್ಟಿರುತ್ತಿದ್ದ ಒಂದು ಹಸಿರು ಸ್ವೆಟರ್. ಡಾಕ್ಟರುಗಳೂ ಅವರ ಎದುರು ದನಿ ತಗ್ಗಿಸುತ್ತಿದ್ದರು. ಮೊದಲ ವಾರವೇ ನನ್ನ ಕೈಬರಹ ನೋಡಿ, "ಇದು ಔಷಧದ ಚಾರ್ಟೋ, ಇರುವೆ ನಡೆದ ದಾರಿಯೋ?" ಎಂದು ಕೇಳಿದ್ದರು. ಆ ಸಿಟ್ಟು ನನಗೆ ಎರಡು ತಿಂಗಳು ಇಳಿಯಲಿಲ್ಲ.

ಇಳಿಸಿದ್ದು ಬಂಗುಡೆ ಸಾರು. ನಾನು ಡಬ್ಬಿಯಲ್ಲಿ ಒಯ್ದದ್ದನ್ನು ಮೂಸಿ ನೋಡಿ ಒಂದು ತುತ್ತು ಕೇಳಿದರು. ಕಣ್ಣು, ಮೂಗು ಎಲ್ಲ ಸುರಿಯಿತು. ಮೂಗೊರಸಿಕೊಂಡು ಇನ್ನೊಂದು ತುತ್ತು ಕೇಳಿದರು. ಅಂದಿನಿಂದ ಗುರುವಾರ ಮಧ್ಯಾಹ್ನ ಆಸ್ಪತ್ರೆಯ ಬಸ್ಸಿನಲ್ಲಿ ಅಜೀಜಿಯಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬರುವುದು ರೂಢಿಯಾಯಿತು. ಊಟವಾದ ಮೇಲೆ, ಆ ದೇಶದಲ್ಲಿ ನಮ್ಮ ಪ್ರಾರ್ಥನೆಗೆ ನಿಷೇಧವಿದ್ದುದರಿಂದ, ಕಿಟಕಿಯ ಪರದೆ ಎಳೆದು, ಟಿವಿಯ ಸದ್ದು ಸ್ವಲ್ಪ ಜಾಸ್ತಿ ಮಾಡಿ, ನಾವು ಜಪಸರ ಹಿಡಿದು ಪ್ರಾರ್ಥನೆ ಮಾಡುತ್ತಿದ್ದೆವು. ಅವರೂ ನಮ್ಮ ಜೊತೆ ಮೊಣಕಾಲೂರುತ್ತಿದ್ದರು. ನಾವು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆವು. ಅವರು ಮಾತ್ರ ತಮ್ಮ ಪಾಲು ಬಂದಾಗ ಐರಿಷ್ ಭಾಷೆಯಲ್ಲಿ ಹೇಳುತ್ತಿದ್ದರು, ತಡವರಿಸುತ್ತ, ನಡುವೆ ನಿಲ್ಲಿಸಿ ಶಬ್ದ ಹುಡುಕುತ್ತ.

"ಬಾಯ್, ನಿಮ್ಮ ಮನೆಯಲ್ಲಿ ಕೊಂಕಣಿ ಇದ್ದೂ ನೀವೇಕೆ ಇಂಗ್ಲಿಷಿನಲ್ಲಿ ಹೇಳುತ್ತೀರಿ?" ಎಂದು ಒಮ್ಮೆ ಕೇಳಿದರು. ನಮ್ಮವರು ಹೆಣ್ಣುಮಕ್ಕಳನ್ನು 'ಬಾಯ್' ಎಂದು ಕರೆಯುವುದನ್ನು ನನ್ನ ಗಂಡನ ಬಾಯಿಂದ ಕಲಿತು ನನ್ನನ್ನು ಹಾಗೆಯೇ ಕರೆಯುತ್ತಿದ್ದರು.

ಕಾರಣ ನಮ್ಮ ಮಗಳು. ಆಗ ಅವಳಿಗೆ ಏಳು ವರ್ಷ. ಶಾಲೆಯಲ್ಲಿ ಟೀಚರು ನನ್ನನ್ನು ಕರೆಸಿ, ಮನೆಯಲ್ಲೂ ಇಂಗ್ಲಿಷೇ ಮಾತಾಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ ಎಂದಿದ್ದರು. ನಾವು ಬುದ್ಧಿವಂತರಲ್ಲವೇ, ಅಂದಿನಿಂದಲೇ ಶುರು ಮಾಡಿದೆವು. ನಾನೂ ಗಂಡನೂ ನಮ್ಮೊಳಗೆ ಕೊಂಕಣಿ, ಅವಳ ಕಡೆಗೆ ತಿರುಗಿದರೆ ಇಂಗ್ಲಿಷ್. ಕನ್ನಡ ಶಾಲೆಯಲ್ಲಿ ಓದಿ, ಇಂದಿಗೂ ಕನ್ನಡದಲ್ಲೇ ನಾಲ್ಕು ಸಾಲು ಗೀಚುವ ನಾನು, ಮಗಳಿಗೆ ಒಂದು ಕನ್ನಡ ಅಕ್ಷರವನ್ನೂ ಕಲಿಸಲಿಲ್ಲ.

ಸಿಸ್ಟರ್ ತಮ್ಮ ತಾತನ ಕತೆ ಹೇಳಿದರು. ತಾತ ಶಾಲೆಗೆ ಹೋಗುವಾಗ ಮಕ್ಕಳ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರಂತೆ. ಐರಿಷ್ ಶಬ್ದ ಬಾಯಿಂದ ಬಂದಾಗಲೆಲ್ಲ ಕೋಲಿಗೆ ಒಂದು ಗೀರು. ಸಂಜೆ ಗೀರು ಎಣಿಸಿ ಅಷ್ಟು ಪೆಟ್ಟು. ಮನೆಯಲ್ಲಿ ಗೀರು ಹಾಕುತ್ತಿದ್ದವರು ಹೆತ್ತವರೇ.

ನನ್ನ ಗಂಡನಿಗೆ ಇದು ತಾಗಿತು. ಅವರು ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ಮಾತು ನೇರ. "ಎಂತ ಸಿಸ್ಟರ್, ನಿಮಗೆ ಇಂಗ್ಲಿಷ್ ಹೇಗೂ ಉಂಟು, ನೀವು ಏನು ಬೇಕಾದರೂ ಹೇಳಬಹುದು. ನಮ್ಮ ಹುಡುಗಿಗೆ ಅದಿಲ್ಲದೆ ಕೆಲಸ ಯಾರು ಕೊಡ್ತಾರೆ?" ಎಂದರು.

"ನನ್ನ ಅಮ್ಮ ಹೇಳಿದ್ದೂ ಇದೇ ಮಾತು," ಎಂದರು ಸಿಸ್ಟರ್. ಅವತ್ತು ಬೇಗ ಹೊರಟುಹೋದರು.

ಅವರ ಅಮ್ಮನ ವಿಷಯ ನನಗೆ ಗೊತ್ತಾದದ್ದು ಆಮೇಲೆ. ಆಕೆ ಹುಟ್ಟಿದ್ದು ಸಮುದ್ರದ ಪಕ್ಕದ ಒಂದು ಹಳ್ಳಿಯಲ್ಲಿ, ಐರಿಷ್ ಬಿಟ್ಟರೆ ಬೇರೆ ಮಾತಿಲ್ಲದ ಮನೆಯಲ್ಲಿ. ಮದುವೆಯಾಗಿ ಪಟ್ಟಣಕ್ಕೆ ಬಂದು, ಮಕ್ಕಳು ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋಗಿ ಬದುಕಿಕೊಳ್ಳಲಿ ಎಂದು ಅವರೆದುರು ಬಾಯಿ ತಪ್ಪಿಯೂ ಐರಿಷ್ ಆಡಲಿಲ್ಲ. ಸಿಸ್ಟರ್ ಶಾಲೆಯಲ್ಲಿ ಕಡ್ಡಾಯಕ್ಕೆ ಒಂದಷ್ಟು ಕಲಿತು, ಪರೀಕ್ಷೆ ಬರೆದು, ಮರೆತಿದ್ದರು. ಅಮ್ಮನಿಗೆ ಎಂಬತ್ತು ದಾಟಿದಾಗ ಪಾರ್ಶ್ವವಾಯು ಬಡಿಯಿತು. ಎದ್ದು ಕೂತಾಗ ಇಂಗ್ಲಿಷ್ ಪೂರ್ತಿ ಹೊರಟುಹೋಗಿತ್ತು, ಉಳಿದದ್ದು ಹುಟ್ಟಿದ ಮನೆಯ ಮಾತು ಮಾತ್ರ. ಜಿದ್ದಾದಿಂದ ರಜೆ ಹಾಕಿ ಓಡಿದ ಮಗಳು ಆರು ವಾರ ಹಾಸಿಗೆಯ ಪಕ್ಕ ಕೂತರು. ಅಮ್ಮ ದಿನವಿಡೀ ಮಾತಾಡುತ್ತಿದ್ದಳು. ಮಗಳಿಗೆ ಹತ್ತರಲ್ಲಿ ಒಂದು ಶಬ್ದವೂ ತಿಳಿಯಲಿಲ್ಲ. ತಿಳಿಯದಿದ್ದರೂ ಇರಲಿ ಎಂದು ಕೊನೆಯ ವಾರ ಒಂದು ಟೇಪ್ ರೆಕಾರ್ಡರ್ ತಂದು ದಿಂಬಿನ ಪಕ್ಕ ಇಟ್ಟರು. ಅವರು ಜಿದ್ದಾಕ್ಕೆ ಮರಳಿದ ಮೇಲೆ ಅಮ್ಮ ಹೋಗಿಬಿಟ್ಟಳು.

ಹೀಗೆ ಆ ಕ್ಯಾಸೆಟ್ಟು. ಎರಡು ಬದಿಯೂ ತುಂಬಿತ್ತು. ಯಾರೂ ಅಳಿಸಬಾರದೆಂದು ಹಿಂದಿನ ಎರಡೂ ಪ್ಲಾಸ್ಟಿಕ್ ಚೂರುಗಳನ್ನು ಮುರಿದಿದ್ದರು. ಹೆಸರು ಬರೆದಿರಲಿಲ್ಲ. ಅಮ್ಮನ ದನಿಗೆ ಚೀಟಿ ಯಾಕೆ, ಒಂದು ಚುಕ್ಕೆ ಸಾಕು ಎನ್ನುತ್ತಿದ್ದರು.

ಆ ದನಿ ಅರ್ಥವಾಗಬೇಕು ಎನ್ನುವ ಒಂದೇ ಹಟಕ್ಕೆ ಅವರು ನಡುವಯಸ್ಸಿನಲ್ಲಿ ಮತ್ತೆ ಬಾಲಪಾಠಕ್ಕೆ ಕೂತರು. ಊರಿನಿಂದ ನಿಘಂಟು ತರಿಸಿದರು. ಆಸ್ಪತ್ರೆಯಲ್ಲಿದ್ದ ಇನ್ನೂ ಮೂವರು ಐರಿಷ್ ನರ್ಸುಗಳನ್ನು ಒಟ್ಟು ಹಾಕಿ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ವಾರಕ್ಕೊಮ್ಮೆ ಒಂದು ತಾಸು ಐರಿಷ್ ಬಿಟ್ಟು ಬೇರೆ ಮಾತಾಡಬಾರದೆಂದು ಕಟ್ಟಳೆ ಮಾಡಿದರು. ಮೇಜಿನ ಮೇಲೆ ಒಂದು ಅಲಾರಂ ಗಡಿಯಾರ. ಮೊದಲ ಸಲ ನಾನು ನೋಡಲು ಹೋದಾಗ ನಗು ತಡೆಯಲಾಗಲಿಲ್ಲ. ವಾರ್ಡಿನಲ್ಲಿ ಎಂಥವರ ಬಾಯನ್ನೂ ಮುಚ್ಚಿಸುವ ನಾಲ್ಕು ಹೆಂಗಸರು ಸಾವಿನ ಮನೆಗೆ ಬಂದವರ ಹಾಗೆ ತೆಪ್ಪಗೆ ಕೂತಿದ್ದರು. ಒಬ್ಬಾಕೆ ಕೆಟಲಿನ ಕಡೆ ಬೆರಳು ತೋರಿಸಿ ಏನೋ ಅಂದಳು. ಇನ್ನೊಬ್ಬಳು ತಲೆ ಆಡಿಸಿದಳು. ಮತ್ತೆ ಹತ್ತು ನಿಮಿಷ ಮೌನ. ಒಂದು ವರ್ಷ ಬಿಟ್ಟು ನಾನು ಮತ್ತೆ ಹೋದಾಗ ಅದೇ ಮೇಜಿನ ಸುತ್ತ ದೊಡ್ಡ ಗಲಾಟೆ. ಸಿಸ್ಟರ್ ನನ್ನ ಕಡೆ ತಿರುಗಿ ಖುಷಿಯಿಂದ, "ನೋಡು ಬಾಯ್, ಜಗಳ ಆಡಲು ಬಂತು! ಇನ್ನು ಹೆದರಿಕೆಯಿಲ್ಲ," ಎಂದರು.

ಊರಿನಿಂದ ಪತ್ರಿಕೆಯ ತುಣುಕುಗಳು ಬರುತ್ತಿದ್ದವು. ಪುಟ್ಟ ಮಕ್ಕಳಿಗೆ ಐರಿಷ್‌ನಲ್ಲೇ ಕಲಿಸುವ ಶಾಲೆಗಳು ಅಲ್ಲಲ್ಲಿ ಏಳುತ್ತಿವೆಯಂತೆ, ಆ ಭಾಷೆಗೇ ಒಂದು ಟಿವಿ ಚಾನೆಲ್ಲೂ ಬರುತ್ತದಂತೆ. ಅದನ್ನೆಲ್ಲ ನನಗೆ ಓದಿ ಹೇಳುವಾಗ ಅವರ ಮುಖ ಅರಳುತ್ತಿತ್ತು. ಕಾಂಟ್ರ್ಯಾಕ್ಟು ಮುಗಿದ ಮೇಲೆ ಅಮ್ಮನ ಹಳ್ಳಿಗೇ ಹೋಗಿ ಅಂಥದೊಂದು ಶಾಲೆ ತೆರೆಯುವ ಆಸೆ ಅವರದ್ದು. ಆದರೆ ಅದಕ್ಕೂ ಮೊದಲು ಕ್ಯಾಸೆಟ್ಟು. ಒಂದೊಂದು ವಾಕ್ಯವನ್ನು ಇಪ್ಪತ್ತು ಸಲ ತಿರುಗಿಸಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಮೊದಲ ಬದಿ ಮುಗಿಯಲು ಎರಡು ವರ್ಷ ಹಿಡಿಯಿತು. ಅದರಲ್ಲಿ ಹೆಚ್ಚಿನದು ಹಸುಗಳ ವಿಷಯ, ಸತ್ತುಹೋದ ಅಕ್ಕಂದಿರ ವಿಷಯ. "ನನ್ನ ಹೆಸರು ಒಂದು ಸಲವೂ ಬಂದಿಲ್ಲ. ಎರಡನೇ ಬದಿಯಲ್ಲಿ ಇರಬೇಕು," ಎಂದಿದ್ದರು. ಎಷ್ಟು ಮೆಲ್ಲಗೆ ಹೇಳಿದ್ದರೆಂದರೆ...

ತಿರುಗಿಸಿ ತಿರುಗಿಸಿ ರೀಲು ಸವೆಯುತ್ತಿತ್ತು. ಒಂದು ಗುರುವಾರ ಅದನ್ನು ನನ್ನ ಗಂಡನ ಕೈಗೆ ಕೊಟ್ಟು, ಇದರದ್ದೊಂದು ಕಾಪಿ ಮಾಡಿಕೊಡಿ ಎಂದರು. ಎರಡನೇ ಬದಿ ಶುರು ಮಾಡುವ ಮೊದಲು ಕಾಪಿ ಆಗಲಿ ಎಂದು ಅವರ ಎಣಿಕೆ. "ನಾಳೆಯೇ ಮಾಡುವ" ಎಂದು ಇವರು ಅದನ್ನು ಟೂ-ಇನ್-ಒನ್ ಪಕ್ಕದ ಶೆಲ್ಫಿನಲ್ಲಿಟ್ಟರು. ನಾಳೆ ಡಬಲ್ ಡ್ಯೂಟಿ ಬಂತು, ನಾಡಿದ್ದೂ ಬಂತು.

ಗಲ್ಫಿನಲ್ಲಿದ್ದ ನಮ್ಮವರಿಗೆ ಆಗ ಕ್ಯಾಸೆಟ್ಟೇ ಕಾಗದ. ಫೋನು ದುಬಾರಿ, ಬರೆಯಲು ಸೋಮಾರಿತನ. ಊರಿಗೆ ಹೊರಟವರ ಕೈಯಲ್ಲಿ ಮಾತು ತುಂಬಿದ ಕ್ಯಾಸೆಟ್ಟು ಕಳಿಸುತ್ತಿದ್ದೆವು. ಹೊಸದನ್ನು ಯಾರು ಕೊಳ್ಳುತ್ತಾರೆ? ಕೇಳಿ ಹಳತಾದ ಹಾಡಿನ ಕ್ಯಾಸೆಟ್ಟಿನ ಹಿಂದಿನ ತೂತಿಗೆ ಗಮ್ ಟೇಪ್ ಅಂಟಿಸಿದರೆ ಅದರ ಮೇಲೇ ರೆಕಾರ್ಡ್ ಆಗುತ್ತದೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಉಪಾಯ.

ಆ ಮಂಗಳವಾರ ಉಡುಪಿಯ ಒಬ್ಬರು ದಿಢೀರನೆ ಊರಿಗೆ ಹೊರಟರು. "ಏನಾದರೂ ಕಳಿಸುವುದಿದ್ದರೆ ಒಂದು ಗಂಟೆಯಲ್ಲಿ ಬರುತ್ತೇನೆ, ಯಲ್ಲಾ, ಬೇಗ" ಎಂದು ಫೋನು ಮಾಡಿದರು. ಮಗಳು ಶಾಲೆಯಲ್ಲಿ ಇಂಗ್ಲಿಷ್ ಪದ್ಯ ಹೇಳಿ ಬಹುಮಾನ ತಂದಿದ್ದಳು. ಅದನ್ನು ಅಮ್ಮನಿಗೆ ಕೇಳಿಸಬೇಕೆಂದು ನನಗೆ ಆತುರ. ಶೆಲ್ಫಿನಿಂದ ಕೈಗೆ ಸಿಕ್ಕಿದ ಕ್ಯಾಸೆಟ್ಟು ಎಳೆದೆ. ಚುಕ್ಕೆ ಕಂಡಿತ್ತು. ಮಗಳು ಪೆನ್ನಿನಲ್ಲಿ ಆಡಿದ್ದೆಂದು ಅಂದುಕೊಂಡೆ. ಗಮ್ ಟೇಪ್ ಅಂಟಿಸಿ, ಗುಂಡಿ ಒತ್ತಿ, ಮಗಳನ್ನು ಮುಂದೆ ಕೂರಿಸಿದೆ. ಅವಳು ಪದ್ಯ ಹೇಳಿದಳು, ಪಾಠ ಓದಿದಳು, ಗೆಳತಿಯರ ಹೆಸರು ಹೇಳಿದಳು, ಎಲ್ಲವೂ ಇಂಗ್ಲಿಷಿನಲ್ಲಿ. ನಾನು ನಡುನಡುವೆ, "ಜೋರಾಗಿ ಹೇಳು, ಅಜ್ಜಿಗೆ ಕೇಳಬೇಡವೇ?" ಎನ್ನುತ್ತಿದ್ದೆ. ಅದೂ ಇಂಗ್ಲಿಷಿನಲ್ಲೇ.

ಗುರುವಾರ ಬೆಳಿಗ್ಗೆ ನನ್ನ ಗಂಡ ಶೆಲ್ಫಿನ ಮುಂದೆ ನಿಂತು, "ಸಿಸ್ಟರಿನ ಕ್ಯಾಸೆಟ್ಟು ಎಲ್ಲಿ?" ಎಂದು ಕೇಳಿದಾಗಲೇ ಆ ಚುಕ್ಕೆ ಯಾರದ್ದೆಂದು ನನಗೆ ಹೊಳೆದದ್ದು.

ಮಧ್ಯಾಹ್ನ ಅವರು ಬಂದರು. ಸ್ವೆಟರ್ ಬಿಚ್ಚಿ ಕುರ್ಚಿಗೆ ಹಾಕುವ ಮೊದಲೇ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಸಾಕೆಂದೂ ಅಂದುಕೊಂಡಿದ್ದೆ. ಅವರು ಕೂತರು. "ಯಾವ ಬದಿ?" ಎಂದು ಕೇಳಿದರು. ಎರಡನೆಯದ್ದು ಎಂದೆ. "ಏನು ರೆಕಾರ್ಡ್ ಮಾಡಿದೆ?" ಹೇಳಿದೆ.

"ನಿನ್ನ ಅಮ್ಮನಿಗೆ ಇಂಗ್ಲಿಷ್ ಬರುತ್ತದೆಯೇ?"

"ಇಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲ. ನನ್ನ ಮೇಲೆ ಕನಿಕರವಿತ್ತು.

ಅಣ್ಣನ ಮನೆಗೆ ಫೋನು ಮಾಡಿ, ಆ ಕ್ಯಾಸೆಟ್ಟು ಬೇರೆಯವರದ್ದು, ತಕ್ಷಣ ವಾಪಸು ಕಳಿಸು ಎಂದು ಅಮ್ಮನಿಗೆ ಹೇಳಿದೆ. "ಅದರ ರೀಲು ಸಿಕ್ಕಿಹಾಕಿಕೊಂಡು ಹಾಳಾಯ್ತು ಮಗಾ, ಬಿಸಾಡಿದೆ," ಎಂದಳು ಅಮ್ಮ. ರಜೆಯಲ್ಲಿ ಹೋದಾಗ ಮತ್ತೆ ಕೇಳಿದೆ. ಅದೇ ಉತ್ತರ. ಅದು ಯಾರ ದನಿ, ಯಾರು ಅದಕ್ಕಾಗಿ ಕಾಯುತ್ತಿದ್ದಾರೆ ಎಂಬುದನ್ನು ಮಾತ್ರ ನಾನು ಬಾಯಿ ಬಿಟ್ಟು ಹೇಳಲಿಲ್ಲ. ಮಾಡಿದ ಕೆಲಸಕ್ಕೆ ನಾಚಿಕೆ. ಹೇಳಿದ್ದರೆ ಅಮ್ಮ ಕೊಡುತ್ತಿದ್ದಳು. ಅವಳು ಅಂಥವಳಲ್ಲ...

ಸಿಸ್ಟರ್ ಆಮೇಲೂ ಬರುತ್ತಿದ್ದರು, ಆದರೆ ಪ್ರತಿ ಗುರುವಾರ ಅಲ್ಲ. ಮರುವರ್ಷ ಕಾಂಟ್ರ್ಯಾಕ್ಟು ಮುಗಿಸಿ ಹೊರಟರು. ಕೊನೆಯ ದಿನ ಮಗಳ ತಲೆ ಸವರಿ, ನನ್ನ ಕೈ ಹಿಡಿದು, "ಬಾಯ್, ಇವಳ ಹತ್ತಿರ ನಿನ್ನ ಮಾತು ಆಡು. ನನಗಾಗಿ ಅಷ್ಟು ಮಾಡು," ಎಂದರು. ಆಯಿತು ಎಂದೆ. ಒಂದು ವಾರ ಕೊಂಕಣಿ ಆಡಿದೆ. ಮಗಳು ನಕ್ಕಳು, ಆಮೇಲೆ ರೇಗಿದಳು. ನಾನು ಬಿಟ್ಟೆ. ನಾಲ್ಕೈದು ವರ್ಷ ಕ್ರಿಸ್ಮಸ್ಸಿಗೆ ಅವರಿಂದ ಕಾರ್ಡು ಬರುತ್ತಿತ್ತು. ಉತ್ತರ ಬರೆಯಲು ಪೆನ್ನು ಹಿಡಿದಾಗಲೆಲ್ಲ ಆ ಗುರುವಾರ ಎದುರು ಬಂದು ನಿಲ್ಲುತ್ತಿತ್ತು. ಕೊನೆಗೆ ಕಾರ್ಡೂ ನಿಂತಿತು.

ಈಗ ಅದೇ ಕ್ಯಾಸೆಟ್ಟು ನನ್ನ ಕೈಯಲ್ಲಿತ್ತು. ಅತ್ತಿಗೆ ಅದನ್ನು ನೋಡಿ, "ಅಯ್ಯೋ, ಇದಾ? ಅಮ್ಮ ಇದನ್ನು ಆದಿತ್ಯವಾರ ಪೂಜೆ ಮುಗಿಸಿ ಬಂದು ಹಾಕ್ತಿದ್ದರು. ಟೇಪು ಹಾಳಾಗುವವರೆಗೂ. ನಿನಗೆ ಹೇಳಬೇಡ, ವಾಪಸು ಕೇಳ್ತಾಳೆ ಅಂತ ನನ್ನ ಹತ್ತಿರ ಆಣೆ ಹಾಕಿಸಿಕೊಂಡಿದ್ದರು," ಎಂದರು. ನನ್ನ ಮಗಳ ಒಂದು ಶಬ್ದವೂ ಅಮ್ಮನಿಗೆ ತಿಳಿಯುತ್ತಿರಲಿಲ್ಲ. ದನಿ ಸಾಕಾಗಿತ್ತು. ಅತ್ತಿಗೆ ಮತ್ತೊಂದು ಮಾತು ಹೇಳಿದರು: "ಮಗು ಮುಗಿದ ಮೇಲೆ ಅದರಲ್ಲಿ ಯಾರೋ ಮುದುಕಿ ಮಾತಾಡ್ತಾಳಲ್ಲ, ಅದನ್ನೂ ಕೊನೆಯವರೆಗೆ ಕೇಳ್ತಿದ್ದರು. ಮಗುವಿನ ಹತ್ತಿರ ಅಲ್ಲಿ ಯಾರೋ ಒಬ್ಬಳು ಅಜ್ಜಿ ಇದ್ದಾಳೆ, ಒಳ್ಳೆದಾಯ್ತು, ಅಂತಿದ್ದರು."

ಅಜ್ಜಿ? ನಾನು ಪೂರ್ತಿ ಅಳಿಸಿದೆ ಎಂದೇ ನಂಬಿದ್ದೆ.

ಮಂಗಳೂರಿಗೆ ತಂದು ಒಂದು ಸ್ಟುಡಿಯೋದಲ್ಲಿ ಹಾಕಿಸಿದೆ. ಮೊದಲ ಬದಿ ಇದ್ದ ಹಾಗೇ ಇತ್ತು. ತಿರುಗಿಸಿದಾಗ ಒಂಬತ್ತು ವರ್ಷದ ನನ್ನ ಮಗಳು ಬಂದಳು, ಜೋರಾಗಿ ಹೇಳು ಎನ್ನುವ ನಾನು ಬಂದೆ, ಟಕ್ ಎಂದು ಗುಂಡಿ ಎತ್ತಿದ ಸದ್ದು ಬಂತು. ಅದರ ಬೆನ್ನಿಗೇ ಮಾತಿನ ನಡುವಿನಿಂದ ಒಬ್ಬ ಮುದುಕಿಯ ದನಿ. ಹನ್ನೊಂದು ನಿಮಿಷ ಉಳಿದಿತ್ತು. ಸ್ಟುಡಿಯೋದವರು ಎಲ್ಲವನ್ನೂ ಪೆನ್ ಡ್ರೈವಿಗೆ ಹಾಕಿಕೊಟ್ಟರು. ಹಳೆಯ ಕ್ರಿಸ್ಮಸ್ ಕಾರ್ಡಿನ ವಿಳಾಸ ಹುಡುಕಿ, ನಡೆದದ್ದನ್ನೆಲ್ಲ ಬರೆದು ಕಳಿಸಿದೆ.

ಎರಡು ತಿಂಗಳ ಮೇಲೆ ಉತ್ತರ ಬಂತು, ಅವರ ತಂಗಿಯ ಮಗಳಿಂದ. ಸಿಸ್ಟರ್ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಅಮ್ಮನ ಹಳ್ಳಿಯಲ್ಲೇ ಪುಟ್ಟ ಮಕ್ಕಳ ಶಾಲೆ ನಡೆಸಿದ್ದರಂತೆ, ಕೈಲಾಗುವವರೆಗೂ. ಆ ಶಾಲೆಯ ಮಗುವೊಂದು ಬೆಳೆದು ಈಗ ಅಲ್ಲೇ ಟೀಚರು. ಆಕೆ ಹನ್ನೊಂದು ನಿಮಿಷವನ್ನೂ ಕೇಳಿ ಬರೆದುಕೊಟ್ಟಿದ್ದಳು, ಒಂದೇ ಮಧ್ಯಾಹ್ನದಲ್ಲಿ. ಹೆಚ್ಚಿನದು ಮತ್ತೆ ಹಸುಗಳ ವಿಷಯ. ಕೊನೆಯಲ್ಲಿ ಇಷ್ಟು: "ಈ ಹುಡುಗಿ ಯಾರ ಮನೆಯವಳು? ದಿನಾ ಬಂದು ಕೂರುತ್ತಾಳೆ. ಒಂದು ಮಾತೂ ಆಡುವುದಿಲ್ಲ. ಒಳ್ಳೆಯವಳ ಹಾಗೆ ಕಾಣುತ್ತಾಳೆ. ಅವಳಿಗೆ ತಿನ್ನಲು ಏನಾದರೂ ಕೊಡಿ."

ಇದು ಅವರಿಗೆ ಕೇಳಿಸದೆ ಹೋದದ್ದೇ ಒಳ್ಳೆಯದಾಯಿತೇನೋ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಮನಸ್ಸು ಒಪ್ಪುವುದಿಲ್ಲ. ಒಳ್ಳೆಯದೋ ಕೆಟ್ಟದ್ದೋ, ಹೆತ್ತವಳು ಅವರ ಬಗ್ಗೆ ಆಡಿದ ಮಾತದು. ಅದಕ್ಕಾಗಿ ಅವರು ಒಂದು ಭಾಷೆಯನ್ನೇ ಮತ್ತೆ ಕಲಿತಿದ್ದರು. ಅವರ ಶಾಲೆಯ ಮಗುವಿಗೆ ಅದು ನೀರು ಕುಡಿದ ಹಾಗೆ ಅರ್ಥವಾಯಿತು. ಅವರಿಗೆ ಮಾತ್ರ ನಾನು ಕೇಳಗೊಡಲಿಲ್ಲ.

ಮಗಳು ಈಗ ಕೆನಡಾದಲ್ಲಿದ್ದಾಳೆ. ಆದಿತ್ಯವಾರ ಫೋನು ಮಾಡಿದಾಗ ಎಲ್ಲವನ್ನೂ ಅವಳಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವಳ ಇಂಗ್ಲಿಷಿನಲ್ಲಿ ಕೇಳಿದಳು: ಕಳೆದ ಸಲ ಬಂದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡು ಏನೋ ತುಂಬಾ ಹೊತ್ತು ಹೇಳಿದಳಲ್ಲ, ನಾನು ತಿಳಿದ ಹಾಗೆ ತಲೆ ಆಡಿಸಿದೆ... ಅಮ್ಮಾ, ಅಜ್ಜಿ ಏನು ಹೇಳಿದ್ದು?

ನಾನು ಕೇಳಿಸಿಕೊಂಡಿರಲಿಲ್ಲ. ಆಗ ನಾನು ಒಳಗೆ ಚಹಾ ಮಾಡುತ್ತಿದ್ದೆ.